ಸಂಪಿನ ನೀರಿನ ಲೆಕ್ಕ: ಎಂಎಸ್ ಇರುವವರಿಗೆ ಆಕ್ಯುಪೇಷನಲ್ ಥೆರಪಿ

"ಓಟಿಗೆ ತೋರಿಸಿ" ಎಂದು ನರರೋಗದ ಡಾಕ್ಟರು ಚೀಟಿ ಬರೆದುಕೊಟ್ಟ ರಾತ್ರಿ ನಮ್ಮತ್ತೆ ಊಟಕ್ಕೆ ಏಳಲಿಲ್ಲ. ಓಟಿ ಅಂದರೆ ಆಪರೇಷನ್ ಥಿಯೇಟರ್ ಅಲ್ವಾ? ಸೊಸೆಯ ತಲೆಯನ್ನೇ ಕೊಯ್ಯುತ್ತಾರೆ ಅಂದುಕೊಂಡಿದ್ದರು, ಪಾಪ. ಡಾಕ್ಟರು ಬರೆದದ್ದು ಆಕ್ಯುಪೇಷನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ. ಹೋಗಿ ನೋಡಿದರೆ ಅಲ್ಲಿ ಇದ್ದದ್ದು ಒಂದು ಮೇಜು, ನಾಲ್ಕು ಕುರ್ಚಿ, ಅಭ್ಯಾಸಕ್ಕೆಂದು ಕಟ್ಟಿದ ಒಂದು ಅಡುಗೆ ಕಟ್ಟೆ, ಹಲಗೆಗೆ ಬಿಗಿದ ನಲ್ಲಿ, ಚಿಲಕ, ಸ್ವಿಚ್ಚುಗಳು. ಥೆರಪಿಸ್ಟ್ ಕೇಳಿದ ಮೊದಲ ಪ್ರಶ್ನೆ ಇನ್ನೂ ನೆನಪಿದೆ. "ನಿಮ್ಮ ಮನೇಲಿ ಮುದ್ದೆ ತಿರುವೋದು ಯಾರು?"

ಆಗ ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂದು ಗೊತ್ತಾಗಿ ಎರಡು ವರ್ಷ ಆಗಿತ್ತು. ಇಂಜೆಕ್ಷನ್ ಬಗ್ಗೆ, ಎಂಆರ್‌ಐ ಬಗ್ಗೆ ಹತ್ತಾರು ಜನ ಮಾತಾಡಿದ್ದರು. ಮುದ್ದೆ ಬಗ್ಗೆ ಕೇಳಿದ್ದು ಇವರೊಬ್ಬರೇ.

ಎಂಎಸ್ ಅಂದರೇನು ಎಂದು ಇಲ್ಲಿ ಉದ್ದಕ್ಕೆ ಬರೆಯುವುದಿಲ್ಲ. ಇದನ್ನು ಓದುವವರಿಗೆ ಅದು ಗೊತ್ತೇ ಇರುತ್ತದೆ. ಮೈಯನ್ನು ಕಾಯಬೇಕಾದ ವ್ಯವಸ್ಥೆಯೇ ಮಿದುಳು, ಬೆನ್ನುಹುರಿ, ಕಣ್ಣಿನ ನರಗಳ ಮೇಲಿರುವ ಮಯಲಿನ್ ಎಂಬ ಹೊದಿಕೆಯನ್ನು ಹಾಳು ಮಾಡುತ್ತದೆ. ಸುದ್ದಿ ಹೋಗುವುದು ತಡವಾಗುತ್ತದೆ, ಇಲ್ಲವೇ ತಪ್ಪುತ್ತದೆ. ಹೆಚ್ಚಾಗಿ ಕಾಣಿಸಿಕೊಳ್ಳುವುದು 20ರಿಂದ 40ರ ವಯಸ್ಸಿನಲ್ಲಿ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಅಂದರೆ ಮಕ್ಕಳು ಚಿಕ್ಕವರಿರುವಾಗ, ಕೆಲಸ ಆಗ ತಾನೇ ಖಾಯಂ ಆಗಿರುವಾಗ ಬರುತ್ತದೆ.

ಫಿಸಿಯೋಥೆರಪಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ತುಂಬಾ ಜನ ಕೇಳುತ್ತಾರೆ. ಫಿಸಿಯೋ ಕಾಲಿನ ಬಲ, ಬಿಗಿತ, ನಡಿಗೆ ನೋಡುತ್ತದೆ. ಆಕ್ಯುಪೇಷನಲ್ ಥೆರಪಿ ಆ ಕಾಲು ಬಚ್ಚಲಿಗೆ ಹೋಗಿ, ಎರಡು ಚೊಂಬು ನೀರು ಹಾಕಿಕೊಂಡು, ಬೀಳದೆ ವಾಪಸ್ ಬರುತ್ತದಾ ಎಂದು ನೋಡುತ್ತದೆ. ಬರದಿದ್ದರೆ ಬಚ್ಚಲನ್ನು ಬದಲಿಸುತ್ತದೆ, ಸಮಯವನ್ನು ಬದಲಿಸುತ್ತದೆ, ಕೆಲಸ ಮಾಡುವ ರೀತಿಯನ್ನು ಬದಲಿಸುತ್ತದೆ. ಎರಡೂ ಬೇಕು. ಆದರೆ ನಮ್ಮ ಕಡೆ ಎಲ್ಲರೂ ಫಿಸಿಯೋಗೆ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಎರಡನೆಯದನ್ನು ನಾವೇ ಕೇಳಿ ಪಡೆಯಬೇಕು.

ಮೊದಲು ಒಂದು ವಾರ ಬರೆದಿಡಿ

ತುಮಕೂರಿನವರಿಗೆ ನೀರಿನ ಲೆಕ್ಕ ಹೇಳಿಕೊಡಬೇಕಿಲ್ಲ. ಬುಗುಡನಹಳ್ಳಿ ಕೆರೆಗೆ ಹೇಮಾವತಿ ಬಂದಿದ್ದರೆ ನಮ್ಮ ನಲ್ಲಿಗೂ ನೀರು. ಅದೂ ದಿನಾ ಅಲ್ಲ. ಬಿಟ್ಟ ದಿನ ಸಂಪು ತುಂಬಿಸಿಕೊಂಡು, ಮುಂದಿನ ಸರದಿವರೆಗೆ ಅದರಲ್ಲೇ ತೂಗಿಸಬೇಕು. ಕೋಲಾರ, ಚಿಕ್ಕಬಳ್ಳಾಪುರದವರಿಗಂತೂ ಟ್ಯಾಂಕರ್ ಲೆಕ್ಕ ಬಾಯಿಪಾಠ. ಮೊದಲ ದಿನವೇ ಬಟ್ಟೆ, ಪಾತ್ರೆ, ಅಂಗಳ ಎಲ್ಲ ತೊಳೆದು ಮುಗಿಸಿದರೆ ಮೂರನೇ ದಿನ ಕುಡಿಯೋಕೆ ಇರಲ್ಲ.

ಎಂಎಸ್‌ನ ಸುಸ್ತು ಹಾಗೆಯೇ. ಇದು ಕೆಲಸ ಮಾಡಿ ಬರುವ ಮಾಮೂಲಿ ಆಯಾಸ ಅಲ್ಲ. ರಾತ್ರಿ ಚೆನ್ನಾಗಿ ಮಲಗಿ ಎದ್ದರೂ ಬೆಳಿಗ್ಗೆ ಹತ್ತಕ್ಕೆ ಸಂಪು ಖಾಲಿ ಆಗಿರಬಹುದು. ಹೊರಗಿನವರಿಗೆ ಕಾಣುವುದಿಲ್ಲ. "ನೋಡೋಕೆ ಚೆನ್ನಾಗೇ ಇದ್ದೀಯಲ್ಲ" ಅನ್ನುತ್ತಾರೆ. ಅದಕ್ಕೇ ಬರೆದಿಡಬೇಕು.

ಮಕ್ಕಳ ಹಳೇ ನೋಟ್‌ಬುಕ್ ಸಾಕು. ಏಳು ದಿನ, ಎದ್ದಾಗಿನಿಂದ ಮಲಗುವವರೆಗೆ, ಎರಡು ಗಂಟೆಗೊಮ್ಮೆ ಮೂರು ವಿಷಯ ಬರೆಯಿರಿ. ಏನು ಮಾಡಿದೆ. ನಿಂತು ಮಾಡಿದೆನಾ, ಕೂತು ಮಾಡಿದೆನಾ. ಸುಸ್ತು 10ಕ್ಕೆ ಎಷ್ಟು. ಬಿಸಿಲಿತ್ತಾ, ಒಲೆ ಮುಂದೆ ಇದ್ದೆನಾ, ಜ್ವರ ಇತ್ತಾ, ರಾತ್ರಿ ಮೂತ್ರಕ್ಕೆ ಎಷ್ಟು ಸಲ ಎದ್ದೆ ಎಂಬುದನ್ನೂ ಪಕ್ಕದಲ್ಲಿ ಗೀಚಿ. ಅಕ್ಷರ ಚೆನ್ನಾಗಿರಬೇಕಿಲ್ಲ. ಕೈ ನಡುಗುತ್ತಿದ್ದರೆ ಮೊಬೈಲ್‌ನಲ್ಲಿ ಮಾತಾಡಿ ರೆಕಾರ್ಡ್ ಮಾಡಿ.

ನನ್ನ ವಾರದ ಪಟ್ಟಿ ನೋಡಿ ನನಗೇ ಆಶ್ಚರ್ಯವಾಯಿತು. ಶಾಲೆಯಲ್ಲಿ ಪಾಠ ಮಾಡುವುದು ನನ್ನನ್ನು ತಿನ್ನುತ್ತಿದೆ ಅಂದುಕೊಂಡಿದ್ದೆ. ಅಲ್ಲ. ಬೆಳಿಗ್ಗೆ ಆರರಿಂದ ಎಂಟೂವರೆವರೆಗಿನ ಅಡುಗೆಮನೆ ಮತ್ತು ಬಿಸಿನೀರಿನ ಸ್ನಾನದಲ್ಲೇ ಅರ್ಧ ಸಂಪು ಖಾಲಿ. ಪಾಠಕ್ಕೆ ಹೋಗುವಾಗ ತಳದ ನೀರು.

ಆಮೇಲೆ ಐದು ಕೆಲಸ ಆರಿಸಿ

ಕೆನಡಾದ ಥೆರಪಿಸ್ಟ್‌ಗಳು ರೂಪಿಸಿದ ಒಂದು ಪದ್ಧತಿ ಇದೆ, ಬೇರೆ ದೇಶಗಳಲ್ಲೂ ಬಳಸುತ್ತಾರೆ. ಮಾಡಲು ಕಷ್ಟವಾಗಿರುವ, ಆದರೆ ನಿಮಗೆ ಮುಖ್ಯವಾದ ಐದು ಕೆಲಸ ನೀವೇ ಆರಿಸಬೇಕು. ಪ್ರತಿಯೊಂದನ್ನೂ ಈಗ ಎಷ್ಟು ಚೆನ್ನಾಗಿ ಮಾಡುತ್ತೀರಿ, ಅದರ ಬಗ್ಗೆ ಎಷ್ಟು ತೃಪ್ತಿ ಇದೆ ಎಂದು 10ಕ್ಕೆ ಅಂಕ ಹಾಕಬೇಕು. ಕೆಲವು ತಿಂಗಳು ಬಿಟ್ಟು ಮತ್ತೆ ಅಂಕ ಹಾಕಿ ಹೋಲಿಸುತ್ತಾರೆ.

"ನೀವೇ" ಎಂಬ ಮಾತಿಗೆ ಒತ್ತು ಕೊಡಿ. ನಾನು ಮೊದಲು ಬರೆದ ಪಟ್ಟಿಯಲ್ಲಿ ಐದೂ ಮನೆಯವರಿಗೆ ಬೇಕಾದ ಕೆಲಸಗಳೇ. ಮುದ್ದೆ, ಬಟ್ಟೆ, ನೆಲ ಒರೆಸುವುದು. ಥೆರಪಿಸ್ಟ್ ಓದಿ, "ಇದರಲ್ಲಿ ನಿಮಗೆ ಇಷ್ಟ ಯಾವುದು ಮೇಡಂ?" ಅಂದರು. ಒಂದೂ ಇಲ್ಲ! ಎರಡನೇ ಸಲ ಬರೆದೆ. ಬೋರ್ಡ್ ಮೇಲೆ ಬರೆಯುವುದು. ಮಗಳ ಜಡೆ ಹೆಣೆಯುವುದು. ಹೂ ಕಟ್ಟುವುದು. ಒಬ್ಬಳೇ ಸ್ನಾನ ಮಾಡುವುದು. ಭಾನುವಾರ ಮಾತ್ರ ಮುದ್ದೆ.

ಉಳಿದ ಕೆಲಸಗಳನ್ನು ಮೂರು ಗುಂಪು ಮಾಡಿದೆವು. ಬೇರೆಯವರು ಮಾಡಬಹುದಾದದ್ದು, ದಿನ ಬಿಟ್ಟು ದಿನ ಮಾಡಿದರೂ ನಡೆಯುವಂಥದ್ದು, ಮಾಡದೇ ಬಿಟ್ಟರೂ ಭೂಮಿ ಬೀಳದ್ದು. ಮೂರನೇ ಗುಂಪು ನಾವು ನೆನೆಸಿದ್ದಕ್ಕಿಂತ ದೊಡ್ಡದಿತ್ತು. ಇಸ್ತ್ರಿ ಪೂರ್ತಿ ಅಲ್ಲಿಗೇ ಹೋಯಿತು.

ಸುಸ್ತಾಗುವ ಮೊದಲೇ ಕೂರಬೇಕು

ಇದು ಕೇಳಲು ಸುಲಭ, ಮಾಡಲು ಬಹಳ ಕಷ್ಟ. ಚೆನ್ನಾಗಿರುವ ದಿನ ಎಲ್ಲವನ್ನೂ ಮುಗಿಸಿಬಿಡೋಣ ಅನ್ನಿಸುತ್ತದೆ. ಒಂದು ಯುಗಾದಿಗೆ ನಾನು ಹಾಗೇ ಮಾಡಿದೆ. ಒಂದೇ ದಿನ ಮನೆ ಗುಡಿಸಿ ಸಾರಿಸಿ, ಒಬ್ಬಟ್ಟು ತಟ್ಟಿ, ಮುಂದಿನ ನಾಲ್ಕು ದಿನ ಹಾಸಿಗೆ ಹಿಡಿದೆ. ಈಗ ಹಬ್ಬದ ಕೆಲಸ ಹತ್ತು ದಿನ ಮೊದಲೇ ಶುರು. ದಿನಕ್ಕೆ ಒಂದು ಕೋಣೆ, ಅದೂ ಇಪ್ಪತ್ತೇ ನಿಮಿಷ. ಒಬ್ಬಟ್ಟಿನ ಹೂರಣ ಹಿಂದಿನ ದಿನವೇ ತಯಾರು.

ಇಪ್ಪತ್ತು ನಿಮಿಷ ಕೆಲಸ, ಹತ್ತು ನಿಮಿಷ ವಿಶ್ರಾಂತಿ ಎಂಬುದು ನನ್ನ ಅಳತೆ. ನಿಮ್ಮದು ಬೇರೆ ಇರಬಹುದು. ಡೈರಿಯಲ್ಲಿ ಸುಸ್ತು 5 ದಾಟುವುದು ಎಷ್ಟು ಹೊತ್ತಿಗೆ ಎಂದು ನೋಡಿ, ಅದಕ್ಕಿಂತ ಐದು ನಿಮಿಷ ಮೊದಲೇ ನಿಲ್ಲಿಸಿ. ಮೊಬೈಲ್‌ನಲ್ಲಿ ಅಲಾರಂ ಇಡಿ. ವಿಶ್ರಾಂತಿ ಅಂದರೆ ಕಣ್ಣು ಮುಚ್ಚಿ ಸುಮ್ನೆ ಇರುವುದು. ವಾಟ್ಸಾಪ್ ನೋಡುವುದು ವಿಶ್ರಾಂತಿ ಅಲ್ಲ, ಮಿದುಳಿಗೆ ಅದೂ ಕೆಲಸವೇ.

ಅಡುಗೆಮನೆ: ಮುದ್ದೆಯಿಂದಲೇ ಶುರು ಮಾಡೋಣ

ಎಂಎಸ್ ಇರುವವರಿಗೆ ಕಷ್ಟವಾಗುವುದೆಲ್ಲ ಮುದ್ದೆ ಮಾಡುವುದರಲ್ಲಿ ಒಟ್ಟಿಗೇ ಇದೆ. ಒಲೆಯ ಝಳ. ನಿಂತೇ ಇರುವುದು. ಒಂದು ಕೈಯಲ್ಲಿ ಪಾತ್ರೆ ಹಿಡಿದು ಇನ್ನೊಂದರಲ್ಲಿ ಕೋಲು ತಿರುವುವುದು. ಕೊನೆಗೆ ಸುಡುಸುಡು ಹಿಟ್ಟನ್ನು ಒದ್ದೆ ಕೈಯಲ್ಲಿ ಉಂಡೆ ಕಟ್ಟುವುದು. ಬೆರಳು ಮರಗಟ್ಟಿದ್ದರೆ ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬೊಬ್ಬೆ ಎದ್ದಾಗಲೇ ತಿಳಿಯುವುದು.

ಥೆರಪಿಸ್ಟ್ ಈ ಕೆಲಸವನ್ನು ತುಂಡು ತುಂಡು ಮಾಡಿದರು. ಎಸರು ಕಾಯುವವರೆಗೆ ಒಲೆ ಮುಂದೆ ನಿಲ್ಲುವ ಅಗತ್ಯ ಇಲ್ಲ, ಫ್ಯಾನ್ ಕೆಳಗೆ ಕೂತಿರಿ. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಒಲೆ ಮೇಲೆಯೇ ಇಟ್ಟು ತಿರುವಬೇಡಿ. ಮನೆಯವರು ಯಾರಾದರೂ ಅದನ್ನು ಕೆಳಗಿಡಲಿ. ನೀವು ಗಿಡ್ಡ ಸ್ಟೂಲ್ ಮೇಲೆ ಕೂತು, ಪಾತ್ರೆಯ ಕೆಳಗೆ ಒದ್ದೆ ಗೋಣಿ ಹಾಸಿ, ಕವೆಗೋಲಿನಿಂದ ಒತ್ತಿ ಹಿಡಿದು ತಿರುವಿ. ಹಳ್ಳಿಯಲ್ಲಿ ಅಜ್ಜಿಯರು ಕೂತೇ ತಾನೇ ತಿರುವುತ್ತಿದ್ದದ್ದು? ಉಂಡೆ ಕಟ್ಟಲು ಕೈ ಬೇಡ. ತುಪ್ಪ ಸವರಿದ ಬಟ್ಟಲಿಗೆ ಹಿಟ್ಟು ಹಾಕಿ ಗುಂಡಗೆ ಅಲ್ಲಾಡಿಸಿದರೆ ಮುದ್ದೆ ತಾನಾಗಿಯೇ ಆಗುತ್ತದೆ. ಮೊದಲ ದಿನ ಅತ್ತೆ ಮೂಗು ಮುರಿದರು. "ಇದೇನು ಆಟದ ಮುದ್ದೆನಾ?" ಎರಡನೇ ವಾರದಿಂದ ಅವರೂ ಬಟ್ಟಲಲ್ಲೇ ಮಾಡುತ್ತಿದ್ದಾರೆ. ಅವರ ಮಂಡಿಗೂ ಆ ಸ್ಟೂಲೇ ಗತಿ. ಈಗ ಅದು ಖಾಲಿ ಇರುವುದೇ ಇಲ್ಲ.

ಉಳಿದದ್ದಕ್ಕೆ ಕೆಲವು ಉಪಾಯಗಳು. ಅಡುಗೆ ಕಟ್ಟೆಗೆ ಸರಿಹೊಂದುವ ಎತ್ತರದ ಸ್ಟೂಲ್ ಮಾಡಿಸಿ. ಬೆನ್ನಿಗೆ ಆಸರೆ, ಕಾಲಿಡಲು ಅಡ್ಡಪಟ್ಟಿ ಇರಲಿ. ಚಕ್ರ ಬೇಡವೇ ಬೇಡ. ದಿನಾ ಬೇಕಾಗುವ ಡಬ್ಬಿಗಳು ಸೊಂಟ ಮತ್ತು ಭುಜದ ನಡುವಿನ ಎತ್ತರದಲ್ಲಿರಲಿ. ನೀರು ತುಂಬಿದ ಪಾತ್ರೆ ಎತ್ತಬೇಡಿ. ಖಾಲಿ ಪಾತ್ರೆ ಒಲೆ ಮೇಲಿಟ್ಟು ಚೊಂಬಿನಿಂದ ತುಂಬಿ. ಸಾರನ್ನು ಸೌಟಿನಿಂದ ತೆಗೆಯಿರಿ, ಬಗ್ಗಿಸಬೇಡಿ. ಕಟ್ಟೆ ಮೇಲೆ ಪಾತ್ರೆಯನ್ನು ಬಟ್ಟೆ ಹಾಕಿ ಜರುಗಿಸಿದರೆ ಸಾಕು.

ಈಳಿಗೆ ಮಣೆ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿದ್ದೇನೆ. ಬೆರಳಿನ ಸ್ಪರ್ಶ ಕಡಿಮೆ ಆಗಿದ್ದರೆ ಅದನ್ನು ಅಟ್ಟಕ್ಕೆ ಹಾಕಿ. ಬದಲಿಗೆ ಮರದ ಹಲಗೆಗೆ ಕೆಳಗಿನಿಂದ ಎರಡು ಸ್ಟೀಲ್ ಮೊಳೆ ಹೊಡೆಸಿ. ಮೇಲೆ ಬಂದ ಮೊಳೆಗೆ ಆಲೂಗಡ್ಡೆ, ಈರುಳ್ಳಿ ಚುಚ್ಚಿದರೆ ಅದು ಅಲ್ಲಾಡುವುದಿಲ್ಲ, ಹಿಡಿಯುವ ಕೈಗೆ ಅಪಾಯವಿಲ್ಲ. ಕೆಲಸ ಮುಗಿದ ಮೇಲೆ ಮೊಳೆಗೆ ಕಾರ್ಕ್ ಸಿಕ್ಕಿಸಿಡಿ, ಮಕ್ಕಳಿರುತ್ತಾರೆ. ಹಲಗೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ.

ಚಾಕು, ಚಮಚ, ಪೆನ್ನು, ಹಲ್ಲುಜ್ಜುವ ಬ್ರಷ್ ಇವುಗಳ ಹಿಡಿ ದಪ್ಪ ಇದ್ದಷ್ಟೂ ಹಿಡಿತಕ್ಕೆ ಕಡಿಮೆ ಬಲ ಸಾಕು. ಇದಕ್ಕೆ ವಿಶೇಷ ಸಾಮಾನುಗಳು ಸಿಗುತ್ತವೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಸೈಕಲ್ ಅಂಗಡಿಯಲ್ಲಿ ಹಳೇ ಟ್ಯೂಬ್ ಕೇಳಿ. ಪಟ್ಟಿ ಕತ್ತರಿಸಿ ಬಿಗಿಯಾಗಿ ಸುತ್ತಿ. ಹ್ಯಾಂಡಲ್‌ನ ರಬ್ಬರ್ ಹಿಡಿ ಚಮಚಕ್ಕೆ ಸರಿಯಾಗಿ ಕೂರುತ್ತದೆ. ಕೈ ನಡುಗುವವರು ಊಟ ಮಾಡುವಾಗ, ಬರೆಯುವಾಗ ಮೊಣಕೈ ಮೇಜಿನ ಮೇಲೆ ಊರಿ. ತೂಕದ ಲೋಟ, ಮಣಿಕಟ್ಟಿಗೆ ಕಟ್ಟುವ ತೂಕದ ಪಟ್ಟಿ ಕೆಲವರ ನಡುಕ ಕಡಿಮೆ ಮಾಡುತ್ತವೆ, ಇನ್ನು ಕೆಲವರಿಗೆ ಸುಸ್ತು ಜಾಸ್ತಿ ಮಾಡುತ್ತವೆ. ಇದನ್ನು ಥೆರಪಿಸ್ಟ್ ಮುಂದೆಯೇ ಪ್ರಯತ್ನಿಸಿ ನೋಡಬೇಕು, ನಾವೇ ತೀರ್ಮಾನಿಸುವಂಥದ್ದಲ್ಲ.

ಬಿಸಿನೀರು, ಬಿಸಿಲು, ಎಣ್ಣೆಸ್ನಾನ

ನರಕ ಚತುರ್ದಶಿ ಬೆಳಿಗ್ಗೆ ಮೈಗೆಲ್ಲ ಎಣ್ಣೆ ಹಚ್ಚಿ, ಹಂಡೆ ತುಂಬ ಕುದಿಯುವಂಥ ನೀರು ಕಾಯಿಸಿ, ಉಗಿ ತುಂಬಿದ ಬಚ್ಚಲಲ್ಲಿ ಸ್ನಾನ. ಆ ವರ್ಷ ನಾನು ಎದ್ದು ಹೊರಗೆ ಬರಲಾಗಲಿಲ್ಲ. ಕಾಲು ಬತ್ತಿಯ ಹಾಗೆ ಆಯಿತು, ಎಡಗಣ್ಣು ಮಂಜು. ಒಳಗಿನಿಂದ ಚಿಲಕ ಹಾಕಿದ್ದೆ. ನಮ್ಮವರು ಬಾಗಿಲು ಒದ್ದು ತೆರೆಯಬೇಕಾಯಿತು. ಎಲ್ಲರೂ ಲಕ್ವ ಹೊಡೆಯಿತು ಅಂದರು. ಫ್ಯಾನ್ ಕೆಳಗೆ ಮಲಗಿಸಿ ಒಂದು ಗಂಟೆ ಕಳೆಯುವಷ್ಟರಲ್ಲಿ ಎಲ್ಲ ಮೊದಲಿನಂತೆ!

ಇದಕ್ಕೆ ಉಹ್ಟಾಫ್ ವಿದ್ಯಮಾನ ಎಂದು ಹೆಸರು. ವಿಲ್ಹೆಲ್ಮ್ ಉಹ್ಟಾಫ್ ಎಂಬ ಜರ್ಮನಿಯ ಕಣ್ಣಿನ ವೈದ್ಯರು 1890ರಲ್ಲಿ, ಮೈ ದಣಿದಾಗ ಎಂಎಸ್ ರೋಗಿಗಳ ದೃಷ್ಟಿ ಮಂದವಾಗುವುದನ್ನು ದಾಖಲಿಸಿದರು. ಕಾರಣ ಮೈ ಬಿಸಿಯಾಗುವುದು ಎಂದು ಆಮೇಲೆ ತಿಳಿಯಿತು. ಹೊದಿಕೆ ಹಾಳಾದ ನರ ಬಿಸಿಯಲ್ಲಿ ಇನ್ನಷ್ಟು ಸೋಲುತ್ತದೆ. ಮೈಯ ಬಿಸಿ ಅರ್ಧ ಡಿಗ್ರಿ ಏರಿದರೂ ಕೆಲವರಿಗೆ ಸಾಕು. ಎಂಆರ್‌ಐ ಇಲ್ಲದ ಕಾಲದಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ರೋಗ ಪತ್ತೆ ಮಾಡುತ್ತಿದ್ದದ್ದೂ ಉಂಟು. ನಾನು ದೀಪಾವಳಿ ದಿನ ಅದೇ ಪರೀಕ್ಷೆ ಪುಕ್ಕಟೆ ಮಾಡಿಸಿಕೊಂಡಿದ್ದೆ.

ತಣ್ಣಗಾದರೆ ಇದು ಇಳಿಯುತ್ತದೆ. ನರಕ್ಕೆ ಹೊಸ ಗಾಯ ಆಗಿರುವುದಿಲ್ಲ. ಆದರೆ ಹೊಸ ತೊಂದರೆ, ಅಥವಾ ಹಳೆಯದೇ ಜಾಸ್ತಿಯಾಗಿ, 24 ಗಂಟೆ ದಾಟಿದರೂ ಇಳಿಯದಿದ್ದರೆ ಡಾಕ್ಟರಿಗೆ ಫೋನ್ ಮಾಡಲೇಬೇಕು. ಅದು ರಿಲ್ಯಾಪ್ಸ್, ಅಂದರೆ ಕಾಯಿಲೆ ಮರುಕಳಿಸಿದ್ದು ಇರಬಹುದು. ಜ್ವರ, ಮೂತ್ರದ ಸೋಂಕು ಕೂಡ ಹೀಗೇ ಕಾಡುತ್ತವೆ, ಹಾಗಾಗಿ ಮೊದಲು ಅವರು ಮೂತ್ರ ಪರೀಕ್ಷೆ ಮಾಡಿಸಲು ಹೇಳಿದರೆ ಬೇಸರಿಸಬೇಡಿ.

ಸ್ನಾನಕ್ಕೆ ಉಗುರುಬೆಚ್ಚಗಿನ ನೀರು. ಬಿಸಿ ಎಷ್ಟಿದೆ ಎಂದು ಬೆರಳಿನಿಂದಲ್ಲ, ಸ್ಪರ್ಶ ಚೆನ್ನಾಗಿರುವ ಕಡೆ, ಸಾಮಾನ್ಯವಾಗಿ ಮೊಣಕೈ ಹತ್ತಿರ, ಮುಟ್ಟಿಸಿ ನೋಡಿ. ಮೊದಲು ತಣ್ಣೀರು ಬಕೆಟ್ಟಿಗೆ, ಆಮೇಲೆ ಬಿಸಿನೀರು. ಮಾರ್ಚಿನಿಂದ ಮೇವರೆಗೆ ಹೊರಗಿನ ಕೆಲಸ ಬೆಳಿಗ್ಗೆ ಒಂಬತ್ತರೊಳಗೆ ಮುಗಿಯಲಿ. ತೆಳ್ಳಗಿನ ಹತ್ತಿ ಟವೆಲ್ ನೆನೆಸಿ ಹಿಂಡಿ ಕುತ್ತಿಗೆಗೆ ಸುತ್ತಿಕೊಂಡರೆ ಅರ್ಧ ಗಂಟೆಯ ಧೈರ್ಯ ಬರುತ್ತದೆ. ಮಡಕೆ ನೀರು, ತಣ್ಣನೆ ಮಜ್ಜಿಗೆ ಜೊತೆಗಿರಲಿ. ನನ್ನ ಕ್ಲಾಸ್ ಈಗ ಮಹಡಿಯಿಂದ ನೆಲಮಾಳಿಗೆಯ ಪಕ್ಕದ ತಂಪು ಕೋಣೆಗೆ ಬಂದಿದೆ.

ಗುಬ್ಬಿ ಕಡೆಯ ಒಬ್ಬ ತೆಂಗಿನ ತೋಟದವರು ಥೆರಪಿಗೆ ನನ್ನ ಜೊತೆಗೇ ಬರುತ್ತಿದ್ದರು. ಅವರಿಗೆ ಬಿಸಿಲೇ ಶತ್ರು. ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡು, ದಿನಕ್ಕೆ ಮೂರು ಸಲ ಬೋರ್‌ವೆಲ್ ತನಕ ಹೋಗಿ ಬರುವುದನ್ನು ಉಳಿಸಿದರು. ತೋಟದ ದಾರಿಯಲ್ಲಿ ಎರಡು ಕಡೆ ಪ್ಲಾಸ್ಟಿಕ್ ಕುರ್ಚಿ. ಬೆಳಿಗ್ಗೆ ಆರಕ್ಕೆ ಹೋಗಿ ಎಂಟಕ್ಕೆ ವಾಪಸ್. ಈಗಲೂ ತೋಟ ಅವರೇ ನೋಡಿಕೊಳ್ಳುತ್ತಾರೆ.

ಬಚ್ಚಲು ಮತ್ತು ಬಟ್ಟೆ

ಮನೆಯಲ್ಲಿ ದುಡ್ಡು ಖರ್ಚು ಮಾಡುವುದಾದರೆ ಮೊದಲು ಇಲ್ಲಿ ಮಾಡಿ. ಚಿಲಕ ಒಳಗಿನಿಂದ ಹಾಕಬೇಡಿ, ಹೊರಗೆ ಒಂದು ಕೆಂಪು ಬಟ್ಟೆ ನೇತುಹಾಕಿದರೆ ಒಳಗೆ ಜನ ಇದ್ದಾರೆ ಎಂದು ಮನೆಯವರಿಗೆ ಗೊತ್ತಾಗುತ್ತದೆ. ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಬಿದ್ದರೆ ಯಾರೂ ನೂಕಿ ತೆರೆಯಲಾಗುವುದಿಲ್ಲ.

ಕೂತು ಸ್ನಾನ ಮಾಡಿ. ಸ್ಟೂಲಿನ ಕಾಲಿಗೆ ರಬ್ಬರ್ ಬುಷ್ ಇರಬೇಕು. ಪಾಚಿ ವಾರಕ್ಕೊಮ್ಮೆ ಉಜ್ಜಿಸಿ. ಹಿಡಿದುಕೊಳ್ಳಲು ಗೋಡೆಗೆ ಸ್ಟೀಲ್ ಕಂಬಿ ಹಾಕಿಸಿ, ಆದರೆ ಟವೆಲ್ ಕಂಬಿಯನ್ನು ನಂಬಬೇಡಿ. ಅದು ಟವೆಲ್ ಹೊರಲು ಮಾಡಿದ್ದು, ನಮ್ಮನ್ನಲ್ಲ. ಕಂಬಿ ಬರೀ ಗಾರೆಗಲ್ಲ, ಇಟ್ಟಿಗೆಯೊಳಗೆ ಆಂಕರ್ ಬೋಲ್ಟ್‌ನಿಂದ ಕೂರಬೇಕು. ಎಲ್ಲಿ ಹಾಕಬೇಕು ಎಂದು ಪ್ಲಂಬರ್‌ನನ್ನು ಕೇಳಬೇಡಿ. ನೀವು ಕೂತು ಏಳುವಾಗ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ.

ನೆಲಮಟ್ಟದ ಕಕ್ಕಸು ಇದ್ದರೆ ಒಡೆಸುವ ಮೊದಲು ಅದರ ಮೇಲೆ ಇಡುವ ಕಮೋಡ್ ಕುರ್ಚಿ ತಂದು ನೋಡಿ. ಮೂತ್ರದ ಅವಸರ ಇರುವವರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಅದು ತಪ್ಪು, ಸೋಂಕು ಬೇಗ ಆಗುತ್ತದೆ. ಎರಡು-ಮೂರು ಗಂಟೆಗೊಮ್ಮೆ ಅವಸರ ಬರುವ ಮೊದಲೇ ಹೋಗಿ ಬರುವ ಅಭ್ಯಾಸ ಮಾಡಿಕೊಳ್ಳಿ.

ಬಟ್ಟೆ ಹಾಕುವುದೂ ಕೂತೇ. ಸೋತ ಕೈಗೆ ಅಥವಾ ಕಾಲಿಗೆ ಮೊದಲು ತೊಡಿಸಿ, ಬಿಚ್ಚುವಾಗ ಅದನ್ನು ಕೊನೆಗೆ ಬಿಚ್ಚಿ. ಸೀರೆ ಬಿಡಲು ಇಷ್ಟವಿಲ್ಲದವರು ನೆರಿಗೆ ಹೊಲಿಸಿದ ಸೀರೆ ಉಡಬಹುದು. ನಾನು ಶಾಲೆಗೆ ಅದನ್ನೇ ಉಡುತ್ತೇನೆ, ಯಾರಿಗೂ ಗೊತ್ತಾಗಿಲ್ಲ. ಹವಾಯಿ ಚಪ್ಪಲಿ ಮಾತ್ರ ಬಿಡಿ. ಪಾದ ಎತ್ತಲಾಗದವರಿಗೆ ಅದರಷ್ಟು ಕೆಟ್ಟ ಚಪ್ಪಲಿ ಇಲ್ಲ. ಹಿಂದೆ ಪಟ್ಟಿ ಇರುವುದು ಬೇಕು.

ಮರೆವು, ಗಲಿಬಿಲಿ

ಇದನ್ನು ಹೇಳಿಕೊಳ್ಳಲು ಎಲ್ಲರಿಗೂ ನಾಚಿಕೆ. ಹಾಲು ಒಲೆ ಮೇಲಿಟ್ಟು ಮರೆಯುವುದು, ಮಾತಿನ ನಡುವೆ ಪದ ಸಿಗದೇ ಇರುವುದು, ಇಬ್ಬರು ಒಟ್ಟಿಗೆ ಮಾತಾಡಿದರೆ ತಲೆ ಕೆಟ್ಟು ಹೋಗುವುದು. ಇದೂ ಎಂಎಸ್‌ನ ಭಾಗವೇ, ದಡ್ಡತನ ಅಲ್ಲ. ನಾನು ಮಾಡಿಕೊಂಡದ್ದು ಇಷ್ಟು: ಬೀಗದ ಕೈ, ಕನ್ನಡಕ, ಮಾತ್ರೆಗೆ ಒಂದೇ ಜಾಗ. ಗೋಡೆಯ ದೊಡ್ಡ ಕ್ಯಾಲೆಂಡರ್‌ನಲ್ಲಿ ಮನೆಯವರೆಲ್ಲರ ಕೆಲಸ. ಒಲೆ ಹಚ್ಚಿದ ಕೂಡಲೇ ಟೈಮರ್. ಲೆಕ್ಕದ ಕೆಲಸ, ಬ್ಯಾಂಕಿನ ಕೆಲಸ ಬೆಳಿಗ್ಗೆ, ಟಿವಿ ಆರಿಸಿ. ಒಂದು ಸಲಕ್ಕೆ ಒಂದೇ.

ಥೆರಪಿಸ್ಟ್ ಎಲ್ಲಿ ಸಿಗುತ್ತಾರೆ, ಹೋಗುವಾಗ ಏನು ಒಯ್ಯಬೇಕು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಯವರಿಗೆ ಬೆಂಗಳೂರೇ ಹತ್ತಿರ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನ ವಿಭಾಗ ಇದೆ. ಬೇರೆ ಕಡೆ ತೋರಿಸುವವರು ಆ ಆಸ್ಪತ್ರೆಯಲ್ಲಿ ರಿಹ್ಯಾಬ್ (ಪುನಶ್ಚೇತನ) ಅಥವಾ ಪಿಎಂಆರ್ (ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಷನ್) ವಿಭಾಗ ಇದೆಯಾ ಎಂದು ಕೇಳಿ. 1985ರಲ್ಲಿ ಶುರುವಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾಕ್ಕೆ ಬೆಂಗಳೂರಿನಲ್ಲೂ ಶಾಖೆ ಇದೆ. ಇದೇ ಕಾಯಿಲೆ ಇರುವ ಇನ್ನೊಬ್ಬರ ಜೊತೆ ಕನ್ನಡದಲ್ಲಿ ಮಾತಾಡಬೇಕು ಅನ್ನಿಸಿದರೆ ಅಲ್ಲಿಂದ ಶುರು ಮಾಡಿ.

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ನಾನು ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ ಅಲ್ಲಿಂದ ಆಟೋ ಹಿಡಿಯುತ್ತೇನೆ. ರೈಲಿನಲ್ಲಿ ಶೌಚಾಲಯ ಇರುವುದೇ ಮುಖ್ಯ ಕಾರಣ. ಹಿಂದಿನ ದಿನ, ಮಾರನೆ ದಿನ ಎರಡನ್ನೂ ಖಾಲಿ ಇಟ್ಟುಕೊಳ್ಳಿ.

ಅವರು ನಿಮ್ಮ ಮನೆಗೆ ಬರಲಾಗುವುದಿಲ್ಲ, ಹಾಗಾಗಿ ಮನೆಯನ್ನೇ ಅಲ್ಲಿಗೆ ಒಯ್ಯಿರಿ. ಮೊಬೈಲ್‌ನಲ್ಲಿ ಎರಡೆರಡು ನಿಮಿಷದ ವಿಡಿಯೋ: ಹಾಸಿಗೆಯಿಂದ ಏಳುವುದು, ಮೆಟ್ಟಿಲು ಹತ್ತುವುದು, ತರಕಾರಿ ಹೆಚ್ಚುವುದು. ಮಂಚ, ಕುರ್ಚಿ, ಕಮೋಡ್‌ನ ಎತ್ತರ ಮತ್ತು ಬಚ್ಚಲ ಬಾಗಿಲಿನ ಅಗಲ ಟೇಪ್ ಹಿಡಿದು ಇಂಚಿನಲ್ಲಿ ಬರೆದುಕೊಳ್ಳಿ. ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಿ, ಸೊಂಟ ಮಂಡಿಗಿಂತ ಸ್ವಲ್ಪ ಮೇಲಿದ್ದರೆ ಏಳುವುದು ಸುಲಭ. ನಮ್ಮ ಮಂಚ ಗಿಡ್ಡ ಎಂದು ಗೊತ್ತಾಗಿದ್ದೇ ಆ ಅಳತೆಯಿಂದ. ಕಾಲಿನ ಕೆಳಗೆ ಮರದ ಗಟ್ಟಿ ಇಟ್ಟೆವು, ಅಷ್ಟೇ. ಜೊತೆಗೆ ವಾರದ ಡೈರಿ, ಐದು ಕೆಲಸದ ಪಟ್ಟಿ.

ಕೆಲಸ, ಕಾರ್ಡು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿರುವ 21 ಬಗೆಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಇದೆ. ಇದು ಎಷ್ಟೋ ಕಚೇರಿಗಳಿಗೇ ಗೊತ್ತಿಲ್ಲ. ಒಂದು ಕಚೇರಿಯಲ್ಲಿ ನನಗೆ "ಕೈ ಕಾಲು ಇದೆಯಲ್ಲಮ್ಮ" ಅಂದು ಅರ್ಜಿ ವಾಪಸ್ ಕೊಟ್ಟಿದ್ದರು. ಕಾಯ್ದೆಯ ಪಟ್ಟಿಯ ಪ್ರತಿ ತೋರಿಸಿದ ಮೇಲೆ ತೆಗೆದುಕೊಂಡರು. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಕರೆದ ದಿನ ಆಸ್ಪತ್ರೆಯ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಹೆಚ್ಚಿನ ಸೌಲಭ್ಯಗಳಿಗೆ ಅಂಗವೈಕಲ್ಯ ಕನಿಷ್ಠ ಶೇಕಡ 40 ಇರಬೇಕು. ಅರ್ಜಿ ಹಾಕಲು ಹಳ್ಳಿಯವರಿಗೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು ಎಂದು ಕರೆಯುವ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ.

ಎಂಎಸ್ ದಿನಕ್ಕೊಂದು ಥರ. ಮಂಡಳಿ ನೋಡುವ ದಿನ ನೀವು ಚೆನ್ನಾಗಿದ್ದುಬಿಟ್ಟರೆ? ಅದಕ್ಕೇ ಡೈರಿ ಮತ್ತು ಥೆರಪಿಸ್ಟ್ ಬರೆದ ವರದಿ ಒಯ್ಯಿರಿ. ಏನೇನು ಮಾಡಲಾಗುವುದಿಲ್ಲ, ಎಷ್ಟು ಹೊತ್ತು ಮಾತ್ರ ಮಾಡಲಾಗುತ್ತದೆ ಎಂಬುದು ಅದರಲ್ಲಿ ಇರಬೇಕು. ಬಿಗುಮಾನಕ್ಕೆ "ಪರವಾಗಿಲ್ಲ, ಎಲ್ಲ ಮಾಡ್ತೀನಿ" ಅನ್ನಬೇಡಿ.

ಸರ್ಕಾರಿ ಕೆಲಸದಲ್ಲಿರುವವರು ಇನ್ನೊಂದು ತಿಳಿದಿರಬೇಕು. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಅದೇ ಕಾಯ್ದೆಯ 20ನೇ ಸೆಕ್ಷನ್ ಹೀಗೆ ಹೇಳುತ್ತದೆ. ಬೇಕಾದ ಅನುಕೂಲವನ್ನೂ ಕೇಳಬಹುದು. ಕೇಳುವಾಗ "ಸ್ವಲ್ಪ ನೋಡಿ ಸರ್" ಅಂದರೆ ಆಗುವುದಿಲ್ಲ. ನೆಲಮಹಡಿಯ ಕೋಣೆ, ಶೌಚಾಲಯಕ್ಕೆ ಹತ್ತಿರದ ಜಾಗ, ಮಧ್ಯಾಹ್ನ ಹದಿನೈದು ನಿಮಿಷ ವಿಶ್ರಾಂತಿ, ಬಿಸಿಲಿನ ಡ್ಯೂಟಿ ಬೇಡ ಎಂದು ಒಂದೊಂದಾಗಿ ಕಾಗದದಲ್ಲಿ ಬರೆದುಕೊಡಿ, ಥೆರಪಿಸ್ಟ್ ಪತ್ರ ಲಗತ್ತಿಸಿ.

ಮನೆಯವರಿಗೆ

ನಿಮ್ಮ ಪ್ರೀತಿಯೇ ಕೆಲವು ಸಲ ತೊಡಕು. "ನೀನು ಕೂತ್ಕೊ, ನಾನು ಮಾಡ್ತೀನಿ" ಎಂದು ಎಲ್ಲವನ್ನೂ ಕಿತ್ತುಕೊಳ್ಳಬೇಡಿ. ನಮ್ಮತ್ತೆ ನನ್ನ ಕೈಯಿಂದ ಹೂವಿನ ಬುಟ್ಟಿಯನ್ನೂ ತೆಗೆದುಕೊಂಡಿದ್ದರು. "ಅತ್ತೆ, ಪಾತ್ರೆ ನೀವು ತೊಳೀರಿ, ಹೂವು ನನಗೆ ಬಿಡಿ" ಅಂತ ಬಾಯಿ ಬಿಟ್ಟು ಹೇಳಲು ನನಗೆ ಆರು ತಿಂಗಳು ಬೇಕಾಯಿತು. ದಾರದ ಗಂಟು ಬೆರಳಿಗೆ ತಿಳಿಯುವುದಿಲ್ಲ, ಹಾಗಾಗಿ ಈಗ ಕಟ್ಟುವುದಿಲ್ಲ, ದಪ್ಪ ಸೂಜಿಯಲ್ಲಿ ಪೋಣಿಸುತ್ತೇನೆ. ಮೊಳ ಹಾಕಲು ಮಾತ್ರ ಅವರೇ ಬೇಕು.

ಮತ್ತೆ ಯಾವಾಗ ಹೋಗಬೇಕು

ಮೂರು ತಿಂಗಳಿಗೊಮ್ಮೆ ಅದೇ ಐದು ಕೆಲಸಕ್ಕೆ ಮತ್ತೆ ಅಂಕ ಹಾಕಿ. ಯಾವುದಾದರೂ ಎರಡು ಅಂಕ ಕುಸಿದಿದ್ದರೆ ಹೋಗಿ ಬನ್ನಿ. ರಿಲ್ಯಾಪ್ಸ್ ಆದರೆ ಚಿಕಿತ್ಸೆ ಮುಗಿದು ಸ್ಥಿತಿ ನೆಲೆನಿಂತ ಮೇಲೆ, ಕೆಲಸ ಬದಲಾದಾಗ, ಮನೆ ಬದಲಿಸುವ ಮುಂಚೆ, ಒಂದು ಸಲ ಬಿದ್ದರೂ, ಹೋಗಲೇಬೇಕು. ಊರುಗೋಲು ಅಥವಾ ಗಾಲಿಕುರ್ಚಿ ನೀವೇ ಅಂಗಡಿಯಿಂದ ತರಬೇಡಿ, ಎತ್ತರ ಅಳೆಯದ ಕೋಲು ಬೆನ್ನು ಹಾಳು ಮಾಡುತ್ತದೆ. ಬಚ್ಚಲಿನ ಕಂಬಿಯ ಬೋಲ್ಟ್‌ಗಳನ್ನು ತಿಂಗಳಿಗೊಮ್ಮೆ ಮನೆಯಲ್ಲಿ ಎಲ್ಲರಿಗಿಂತ ದಪ್ಪ ಇರುವವರ ಕೈಯಲ್ಲಿ ಎಳೆಸಿ ನೋಡಿ. ನಮ್ಮನೆಯಲ್ಲಿ ಆ ಕೆಲಸ ನಮ್ಮವರದು.